ಗಾಳಿ ನಿಂತಾಗ ಎಷ್ಟು ಯೂನಿಟ್ ಬೇಕು?

ಫೈಬರ್‌ಗ್ಲಾಸ್ ದೋಣಿಯ ಒಡಲು ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು ಅದರ ಎಂಜಿನ್. ಅಮೆರಿಕದ ಯಾವ ಮರೀನಾಕ್ಕೆ ಹೋದರೂ 1970–80ರ ದಶಕಗಳಲ್ಲಿ ಅಚ್ಚಿನಿಂದ ಇಳಿಸಿದ ಹಾಯಿದೋಣಿಗಳು ಇನ್ನೂ ಗಟ್ಟಿಮುಟ್ಟಾಗಿ ನೀರಿನ ಮೇಲಿವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬರ್ಕ್ಲಿ, ಅಲಮೀಡಾ, ರಿಚ್ಮಂಡ್ ಕಡೆ ಕಟ್ಟಿಹಾಕಿದ ಸಾಲುಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಕ್ಯಾಟಲಿನಾ 30 ಎಂಬ ಮಾದರಿ. ಮೂರು ದಶಕಗಳಷ್ಟು ಕಾಲ 6,400ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ದೋಣಿಯಿದು. ಮೂವತ್ತು ಅಡಿ ಉದ್ದ, ಸುಮಾರು ನಾಲ್ಕೂವರೆ ಟನ್ ತೂಕ. ಒಳಗೆ ಅಡುಗೆ ಕಟ್ಟೆ, ಶೌಚಾಲಯ, ಒಂದು ಸಂಸಾರ ಮಲಗುವಷ್ಟು ಜಾಗ. ಹಳೆಯದು ಸಾಕು ಎನ್ನುವವರಿಗೆ ಒಂದು ಹಳೇ ಕಾರಿನ ಬೆಲೆಗೇ ಸಿಕ್ಕಿಬಿಡುತ್ತದೆ.

ಆರಂಭದ ಹಲವು ಕ್ಯಾಟಲಿನಾಗಳ ಹೊಟ್ಟೆಯಲ್ಲಿದ್ದದ್ದು ‘ಅಟಾಮಿಕ್ 4’ ಎಂಬ ಪೆಟ್ರೋಲ್ ಎಂಜಿನ್. ಹೆಸರಿನಲ್ಲಷ್ಟೇ ಅಣುಶಕ್ತಿ. ಪೆಟ್ರೋಲ್ ಆವಿ ದೋಣಿಯ ತಳದಲ್ಲಿ ಸೇರಿಕೊಂಡರೆ ಒಂದು ಕಿಡಿ ಸಾಕು. ಹಾಗಾಗಿ ಕೀಲಿ ತಿರುಗಿಸುವ ಮುನ್ನ ಕೆಲವು ನಿಮಿಷ ಬ್ಲೋವರ್ ಓಡಿಸಲೇಬೇಕು. 1980ರ ದಶಕದ ಮಧ್ಯದಲ್ಲೇ ಅದರ ತಯಾರಿಕೆ ನಿಂತಿತು. ಈಗ ಅದು ಕೈಕೊಟ್ಟರೆ ಹೊಸ ಡೀಸೆಲ್ ಎಂಜಿನ್ ಕೂರಿಸಲು ಯಾರ್ಡಿನವರು ಹೇಳುವ ಮೊತ್ತ ಎಷ್ಟೋ ಸಲ ದೋಣಿಯ ಬೆಲೆಯನ್ನೇ ಮೀರುತ್ತದೆ. ಹೀಗೆ ಮೂಲೆಗೆ ಬಿದ್ದ ದೋಣಿಗಳ ಮಾಲೀಕರೇ ವಿದ್ಯುತ್ ಮೋಟರಿನತ್ತ ಹೊರಳಿದ ಮೊದಲಿಗರು. ಅವರನ್ನು ಅಲ್ಲಿಗೆ ತಂದದ್ದು ಪರಿಸರ ಪ್ರೇಮಕ್ಕಿಂತ ಮೊದಲು ಜೇಬಿನ ಲೆಕ್ಕ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮೋಟರ್ ಆರಿಸುವುದು ಒಂದು ಸಂಜೆಯ ಕೆಲಸ. ಬ್ಯಾಟರಿ ಆರಿಸಲು ಕೂತವರ ಇಡೀ ಚಳಿಗಾಲ ಅದರಲ್ಲೇ ಕಳೆದುಹೋಗುತ್ತದೆ. ಬೆಲೆಯೇನೋ ಈಗ ನಮ್ಮ ಪರವಾಗಿದೆ. ಬ್ಲೂಮ್‌ಬರ್ಗ್‌ಎನ್‌ಇಎಫ್ ಸಂಸ್ಥೆಯ ವಾರ್ಷಿಕ ಸಮೀಕ್ಷೆಯ ಪ್ರಕಾರ 2010ರಲ್ಲಿ ಒಂದು ಕಿಲೋವ್ಯಾಟ್ ಅವರ್‌ಗೆ ಸಾವಿರ ಡಾಲರ್ ದಾಟಿದ್ದ ಲಿಥಿಯಂ ಪ್ಯಾಕಿನ ಸರಾಸರಿ ಬೆಲೆ 2024ರಲ್ಲಿ 115 ಡಾಲರಿಗೆ ಇಳಿದಿತ್ತು. ಅದು ಕಾರ್ಖಾನೆಗಳ ಸಗಟು ದರ; ಒಂದೆರಡು ಪೆಟ್ಟಿಗೆ ಕೊಳ್ಳುವವರಿಗೆ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಕಿಲೋವ್ಯಾಟ್ ಅವರ್ ಎಂದರೆ ಬೆಸ್ಕಾಂ ಬಿಲ್ಲಿನಲ್ಲಿ ನಾವು ‘ಯೂನಿಟ್’ ಎನ್ನುವುದೇ. ಇಲ್ಲೂ ಅದೇ ಮಾತು ಸಾಕು.

ಸೆಲ್ ಅಗ್ಗವಾದ ಮೇಲೂ ದೋಣಿಯವರ ದುಡ್ಡು ಎರಡು ಕಡೆ ಹಾಳಾಗುತ್ತಿದೆ. ಭಯಕ್ಕೆ ಬಿದ್ದು ಬೇಕಾದ್ದಕ್ಕಿಂತ ಹೆಚ್ಚು ಯೂನಿಟ್ ಕೊಳ್ಳುವುದು ಒಂದು. ಆ ಖರ್ಚನ್ನು ಸರಿದೂಗಿಸಲು ಫ್ಯೂಸು, ತಂತಿ, ಮೀಟರುಗಳಲ್ಲಿ ಜಿಪುಣತನ ಮಾಡುವುದು ಇನ್ನೊಂದು. ಎರಡನ್ನೂ ತಿರುವುಮುರುವು ಮಾಡಬೇಕು ಎಂಬುದು ನನ್ನ ವಾದ.

ನಾಲ್ಕು ಲೀಟರ್ ಡೀಸೆಲ್

ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಸಣ್ಣ ಎಂಜಿನ್ ಅದರ ಮುಕ್ಕಾಲು ಪಾಲನ್ನು ಶಾಖವಾಗಿ ಚೆಲ್ಲಿದರೂ ಎರಡೂವರೆ ಯೂನಿಟ್ ಪ್ರೊಪೆಲ್ಲರಿಗೆ ದಕ್ಕುತ್ತದೆ. ಅಂದರೆ 10 ಯೂನಿಟ್‌ನ ಬ್ಯಾಟರಿ, ಹೆಚ್ಚುಕಡಿಮೆ 4 ಲೀಟರ್ ಡೀಸೆಲಿಗೆ ಸಮ. ಇಂಥ ದೋಣಿಗಳಲ್ಲಿ ಇರುವ 70–80 ಲೀಟರ್ ಟ್ಯಾಂಕಿಗೆ ಸಮನಾದ ಬ್ಯಾಟರಿ ಬೇಕೆಂದು ಹಟ ಹಿಡಿದರೆ ಎರಡು ಟನ್ ತೂಕ ಹೊರಬೇಕು. ಬ್ಯಾಟರಿಯನ್ನು ಡೀಸೆಲ್ ಟ್ಯಾಂಕಿನ ಬದಲಿ ಎಂದು ಭಾವಿಸಿದವರು ಈ ಲೆಕ್ಕ ಕಂಡೊಡನೆ ಎದೆಗುಂದುತ್ತಾರೆ. ಹಾಯಿದೋಣಿಯಲ್ಲಿ ಟ್ಯಾಂಕಿನ ಜಾಗ ತುಂಬಬೇಕಾದ್ದು ಹಾಯಿ. ಬ್ಯಾಟರಿಯ ಪಾಲಿಗೆ ಉಳಿಯುವುದು ಕಟ್ಟೆಯಿಂದ ಹೊರಡುವ ಹತ್ತು ನಿಮಿಷ, ಮರಳಿ ಕಟ್ಟೆ ಸೇರುವ ಹತ್ತು ನಿಮಿಷ, ನಡುವೆ ಗಾಳಿ ಸತ್ತ ಒಂದಿಷ್ಟು ಹೊತ್ತು.

ಇಲ್ಲಿ ವೇಗದ ಲೆಕ್ಕ ಗೊತ್ತಿರಬೇಕು. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ವೇಗ ಹೆಚ್ಚಿದಂತೆ ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ಕ್ಯಾಟಲಿನಾ 30ರ ನೀರ್ಗೆರೆಯ ಉದ್ದ 25 ಅಡಿ. ಆ ಉದ್ದಕ್ಕೆ ಒಡಲಿನ ಸಹಜ ಗರಿಷ್ಠ ವೇಗ 6.7 ನಾಟ್, ಗಂಟೆಗೆ 12 ಕಿಲೋಮೀಟರಿಗೆ ತುಸು ಹೆಚ್ಚು. ಅದರ ಹತ್ತಿರ ಬಂದಂತೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ಶಾಂತ ನೀರಿನಲ್ಲಿ ಅಂದಾಜು ಹೇಳುವುದಾದರೆ 4 ನಾಟ್‌ಗೆ 2 ಕಿಲೋವ್ಯಾಟ್ ಸಾಕು. 5 ನಾಟ್‌ಗೆ 4 ಬೇಕು. 6 ನಾಟ್‌ಗೆ ಏಳೋ ಎಂಟೋ. ಅದೇ 10 ಯೂನಿಟ್‌ನಲ್ಲಿ ನಿಧಾನವಾಗಿ ಹೋದರೆ 20 ನಾಟಿಕಲ್ ಮೈಲಿ, ಅವಸರಪಟ್ಟರೆ ಎಂಟು. ಮೊದಲ ವಾರವೇ ಪೂರ್ತಿ ವೇಗದಲ್ಲಿ ಓಡಿಸಿ ಬ್ಯಾಟರಿ ಸಾಲದು ಎಂದು ಗೊಣಗುವವರಿಗೆ ಬೇಕಾದ್ದು ಇನ್ನೊಂದು ಪೆಟ್ಟಿಗೆಯಲ್ಲ, ಹಿಡಿಕೆಯ ಮೇಲೆ ಹಗುರ ಕೈ.

ಬರ್ಕ್ಲಿಯಿಂದ ಗೋಲ್ಡನ್ ಗೇಟ್ ಸೇತುವೆ ಸುಮಾರು 8 ನಾಟಿಕಲ್ ಮೈಲಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಆ ಸೇತುವೆಯ ಕಂಡಿಯಿಂದ ಪಡುವಣ ಗಾಳಿ 20 ನಾಟ್ ಮೀರಿ ನುಗ್ಗುತ್ತದೆ. ಮನೆಗೆ ಮರಳುವಾಗ ಅದು ಬೆನ್ನ ಹಿಂದೆಯೇ ಇರುತ್ತದೆ. ಮೋಟರ್ ನಿಜವಾಗಿ ಬೇಕಾಗುವುದು ಗಾಳಿಯಿಲ್ಲದ ಬೆಳಗ್ಗೆ, ಮತ್ತೆ ಚಳಿಗಾಲದ ಮಂಕು ದಿನಗಳಲ್ಲಿ. ಆದರೆ ಸಮುದ್ರದ ಇಳಿತ ಜೋರಾಗಿರುವ ದಿನ ಅದೇ ಸೇತುವೆಯ ಕೆಳಗೆ ನೀರು 4 ನಾಟ್‌ಗೂ ಹೆಚ್ಚು ವೇಗದಲ್ಲಿ ಸಾಗರದತ್ತ ಹರಿಯುತ್ತದೆ. ಮಿತವ್ಯಯದ 4 ನಾಟ್‌ನಲ್ಲಿ ಕಟ್ಟೆಗೆ ಮರಳುತ್ತಿರುವ ದೋಣಿ ಆಗ ಮೋಟರ್ ತಿರುಗುತ್ತಿದ್ದರೂ ನಿಂತಲ್ಲೇ ನಿಂತಿರುತ್ತದೆ. ಇನ್ನೈದು ಯೂನಿಟ್ ಕೊಂಡರೂ ಈ ತೊಂದರೆ ತಪ್ಪುವುದಿಲ್ಲ. ಉಬ್ಬರವಿಳಿತದ ಪಟ್ಟಿ ನೋಡಿ ಹೊರಟರೆ ತಪ್ಪುತ್ತದೆ, ಆ ಪಟ್ಟಿ ಪುಕ್ಕಟೆ ಸಿಗುತ್ತದೆ.

ದೂರದ ಪಯಣದ ಆಸೆಯಿರುವವರು ಜಿಮ್ಮಿ ಕಾರ್ನೆಲ್ ಅವರ ಪ್ರಸಂಗವನ್ನು ತಿಳಿದಿರಬೇಕು. ಜಗತ್ತಿನ ನೌಕಾಯಾನಿಗಳೆಲ್ಲ ಕೈಯಲ್ಲಿಟ್ಟುಕೊಳ್ಳುವ ‘ವರ್ಲ್ಡ್ ಕ್ರೂಸಿಂಗ್ ರೂಟ್ಸ್’ ಬರೆದವರು ಅವರು. ಮೆಗೆಲನ್–ಎಲ್ಕಾನೊ ಯಾನದ ಐನೂರನೆಯ ವರ್ಷದ ನೆನಪಿಗೆ, ಒಂದು ಹನಿ ಇಂಧನ ಸುಡದೆ ಅದೇ ಹಾದಿಯಲ್ಲಿ ಭೂಮಿ ಸುತ್ತುವೆನೆಂದು 2020ರಲ್ಲಿ ‘ಅವೆಂಚುರಾ ಝೀರೊ’ ಎಂಬ ಹೊಚ್ಚ ಹೊಸ ವಿದ್ಯುತ್ ಕ್ಯಾಟಮರಾನ್‌ನಲ್ಲಿ ಸ್ಪೇನಿನಿಂದ ಹೊರಟರು. ಹಾಯಿಯಲ್ಲಿ ಓಡುವಾಗ ನೀರೇ ಪ್ರೊಪೆಲ್ಲರನ್ನು ತಿರುಗಿಸಿ ಬ್ಯಾಟರಿ ತುಂಬಬೇಕು ಎಂಬುದು ಯೋಜನೆ. ಕ್ಯಾನರಿ ದ್ವೀಪಗಳ ಹೊತ್ತಿಗೆ ಲೆಕ್ಕ ಕೂಡಿಬರಲಿಲ್ಲ: ಆಟೊಪೈಲಟ್, ಅಡುಗೆ, ದಿನದ ಬಳಕೆಗೆ ಹೋಗುತ್ತಿದ್ದಷ್ಟು ವಾಪಸ್ ಬರುತ್ತಿರಲಿಲ್ಲ. ಯಾನ ಅಲ್ಲಿಗೇ ನಿಂತಿತು. ದುಬಾರಿ, ನುರಿತ ಕೈಗಳು ಕಟ್ಟಿದ ವ್ಯವಸ್ಥೆ ಅದು. ಇನ್ನೊಂದು ಬದಿಗೆ, 1972ರ ಹಳೇ ಪಿಯರ್ಸನ್ 36 ದೋಣಿಯ ಡೀಸೆಲ್ ಎಂಜಿನ್ ಕಿತ್ತುಹಾಕಿದ ‘ಸೇಲಿಂಗ್ ಉಮಾ’ ಯೂಟ್ಯೂಬ್ ಚಾನೆಲ್ಲಿನ ಜೋಡಿ ಡ್ಯಾನ್ ಮತ್ತು ಕೀಕಾ ಅಟ್ಲಾಂಟಿಕ್ ದಾಟಿದರು. ಅವರ ಗುಟ್ಟು ಬ್ಯಾಟರಿಯಲ್ಲಿಲ್ಲ. ಗಾಳಿ ಬರುವ ತನಕ ಕಾಯಲು ಅವರಿಗೆ ಬೇಜಾರಿಲ್ಲ. ಸೋಮವಾರ ಕಚೇರಿಗೆ ಹೋಗಬೇಕಾದವರಿಗೆ ಈ ದಾರಿ ಒಗ್ಗದು ಎಂಬುದನ್ನೂ ಒಪ್ಪೋಣ.

ಕಬ್ಬಿಣದ ಕಡೆಗೆ

ಯಾವ ಲಿಥಿಯಂ ಎಂಬ ಪ್ರಶ್ನೆಗೆ ಈಗ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ದೋಣಿಗೆ ಲಿಥಿಯಂ ಐರನ್ ಫಾಸ್ಫೇಟ್, ಚುಟುಕಾಗಿ ಎಲ್‌ಎಫ್‌ಪಿ. ಇದನ್ನು ಬ್ಯಾಟರಿ ಲೋಕಕ್ಕೆ ಪರಿಚಯಿಸಿದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಪ್ರಯೋಗಾಲಯದಿಂದ 1997ರಲ್ಲಿ ಹೊರಬಂದ ಪ್ರಬಂಧ. ಬರೆದವರಲ್ಲಿ ಜಾನ್ ಗುಡ್‌ಇನಫ್ ಹೆಸರು ಎಲ್ಲರಿಗೂ ಗೊತ್ತು. 2019ರಲ್ಲಿ, 97ನೆಯ ವಯಸ್ಸಿನಲ್ಲಿ ನೊಬೆಲ್ ಪಡೆದವರು. ಅದರ ಮೇಲಿರುವ ಇನ್ನೆರಡು ಹೆಸರು ಎ.ಕೆ. ಪಾಢಿ ಮತ್ತು ಕೆ.ಎಸ್. ನಂಜುಂಡಸ್ವಾಮಿ. ಕೊನೆಯ ಹೆಸರು ಕೇಳಿ ಮೈಸೂರು ಸೀಮೆಯವರ ಕಿವಿ ನಿಮಿರಿದರೆ ತಪ್ಪಿಲ್ಲ.

ಇದರಲ್ಲಿ ಕೋಬಾಲ್ಟ್ ಇಲ್ಲ, ನಿಕಲ್ ಇಲ್ಲ. ಅಗ್ಗವಾಗಲು ಅದೇ ಮುಖ್ಯ ಕಾರಣ. ರಂಜಕ–ಆಮ್ಲಜನಕದ ಬಂಧ ಬಿಗಿಯಾಗಿರುವುದರಿಂದ ಬಿಸಿಯೇರಿದಾಗಲೂ ಸುಲಭಕ್ಕೆ ಆಮ್ಲಜನಕ ಬಿಟ್ಟುಕೊಡದು. 2022ರ ಬೇಸಿಗೆಯಲ್ಲಿ ನಮ್ಮ ಬೀದಿಗಳಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದು, ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮಗಳನ್ನು ಬಿಗಿ ಮಾಡಬೇಕಾಯಿತಲ್ಲ, ಆ ಕಾಲದ ಸ್ಕೂಟರುಗಳಲ್ಲಿ ಹೆಚ್ಚಾಗಿ ಇದ್ದದ್ದು ನಿಕಲ್ ಕುಟುಂಬದ ಸೆಲ್‌ಗಳು. ಹಾಗೆಂದು ಎಲ್‌ಎಫ್‌ಪಿ ಸುಡುವುದೇ ಇಲ್ಲ ಎನ್ನುವ ಮಾರಾಟಗಾರನನ್ನು ನಂಬಬೇಡಿ. ಕೆಟ್ಟ ಸೆಲ್ ಉಗುಳುವ ಅನಿಲದಲ್ಲಿ ಹೈಡ್ರೋಜನ್ ಇರುತ್ತದೆ. ಮುಚ್ಚಿದ ಕ್ಯಾಬಿನ್ನಿನಲ್ಲಿ, ಅದೂ ಮಕ್ಕಳು ಮಲಗುವ ಹಾಸಿಗೆಯ ಕೆಳಗೆ, ಅದು ಸಣ್ಣ ಮಾತಲ್ಲ.

ಹಾಗಾದರೆ ಇನ್ನೂ ಸುರಕ್ಷಿತವಾದದ್ದು ಇಲ್ಲವೇ? ಇದೆ. 2023ರಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೊ ದೋಣಿಗಳಲ್ಲಿ ಇರುವುದು ಲಿಥಿಯಂ ಟೈಟನೇಟ್. ಬಲು ಬೇಗ ಚಾರ್ಜ್ ಆಗುತ್ತದೆ, ಬಹಳ ವರ್ಷ ಬಾಳುತ್ತದೆ. ತೂಕ ಹೆಚ್ಚು, ಬೆಲೆ ಇನ್ನೂ ಹೆಚ್ಚು. ದಿನವಿಡೀ ಜನರನ್ನು ಹೊತ್ತು ಜೆಟ್ಟಿಯಿಂದ ಜೆಟ್ಟಿಗೆ ಓಡಾಡುವ ದೋಣಿಗೆ ಅದು ಸರಿಯಾದ ಹೂಡಿಕೆ. ವಾರಕ್ಕೊಮ್ಮೆ ಹಗ್ಗ ಬಿಚ್ಚುವ ಕ್ಯಾಟಲಿನಾಕ್ಕೆ ಯಾಕೆ?

ಇದೇ ಮಾತನ್ನು ಎಲ್‌ಎಫ್‌ಪಿಗೂ ಅನ್ವಯಿಸಿ ನೋಡಬೇಕು. 4,000 ಸೈಕಲ್, 6,000 ಸೈಕಲ್, 8,000 ಸೈಕಲ್ ಎಂದು ಜಾಹೀರಾತುಗಳು ಜಿದ್ದಿಗೆ ಬಿದ್ದಿವೆ. ಒಂದು ಸಲ ತುಂಬಿ ಖಾಲಿ ಮಾಡಿದರೆ ಒಂದು ಸೈಕಲ್. ವಾರಾಂತ್ಯದ ನಾವಿಕ ವರ್ಷಕ್ಕೆ ಐವತ್ತು ಸಲ ಬ್ಯಾಟರಿ ಖಾಲಿ ಮಾಡಿದರೂ 4,000 ಮುಗಿಯಲು ಎಂಬತ್ತು ವರ್ಷ ಬೇಕು. ಅಷ್ಟರಲ್ಲಿ ಸೆಲ್ ವಯಸ್ಸಾಗಿಯೇ ಸಾಯುತ್ತದೆ. ಹೆಚ್ಚಿನ ಸೈಕಲ್ಲಿಗೆ ಕೊಡುವ ಪ್ರತಿ ಡಾಲರೂ ದಂಡ. ಸೆಲ್ಲಿಗೆ ಬೇಗ ಮುಪ್ಪು ತರುವುದು ಬಿಸಿ ಮತ್ತು ಪೂರ್ತಿ ತುಂಬಿದ ಸ್ಥಿತಿ. ನಮ್ಮ ಮನೆಯ ಯುಪಿಎಸ್ಸಿನ ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಸದಾ ತುಂಬಿಸಿಟ್ಟರೆ ಅದಕ್ಕೆ ಆರೋಗ್ಯ. ಎಲ್‌ಎಫ್‌ಪಿಯದು ತದ್ವಿರುದ್ಧ ಸ್ವಭಾವ. ಶನಿವಾರದವರೆಗೆ ಅರ್ಧದಲ್ಲೇ ಬಿಟ್ಟಿದ್ದು, ಹೊರಡುವ ಹಿಂದಿನ ರಾತ್ರಿ ತುಂಬಿಸಿದರೆ ಸಾಕು. ಮರೀನಾದ ಹಳೇ ಲೆಡ್ ಆಸಿಡ್ ಚಾರ್ಜರಿಗೆ ಚುಚ್ಚಿ ವಾರಗಟ್ಟಲೆ ಮರೆತುಬಿಡುವುದು ಈ ಬ್ಯಾಟರಿಗೆ ಮಾಡುವ ದ್ರೋಹ.

ಪೇಟೆಯಲ್ಲಿ ಏನೇನಿದೆ

ಮೋಟರ್ ಕಂಪನಿಗಳೇ ಮಾರುವ ಜಲನಿರೋಧಕ ಪ್ಯಾಕುಗಳು ಒಳ್ಳೆಯವೇ. ಮೋಟರಿನೊಡನೆ ಮಾತಾಡುತ್ತವೆ, ಎಷ್ಟು ಮೈಲಿ ಉಳಿದಿದೆ ಎಂದು ಪರದೆಯ ಮೇಲೆ ತೋರಿಸುತ್ತವೆ. ಆದರೆ ಯೂನಿಟ್ ಲೆಕ್ಕದಲ್ಲಿ ಉಳಿದವುಗಳ ಹಲವು ಪಟ್ಟು ಬೆಲೆ. ಅಗ್ಗದ ಮಾತಾಡುತ್ತಿರುವ ನಾವು ಇಲ್ಲಿಂದ ಮುಂದೆ ಹೋಗೋಣ. ಇನ್ನೊಂದು ತುದಿಯಲ್ಲಿ ಗುಜರಿಗೆ ಬಂದ ನಿಸಾನ್ ಲೀಫ್, ಟೆಸ್ಲಾ ಕಾರುಗಳ ಮಾಡ್ಯೂಲುಗಳಿವೆ. ಅಗ್ಗ, ಹಗುರ. ಆದರೆ ಹೆಚ್ಚಿನವು ಎಲ್‌ಎಫ್‌ಪಿ ಅಲ್ಲ, ಪೂರ್ವಾಪರ ಗೊತ್ತಿಲ್ಲದ ಮಾಲು. ಗ್ಯಾರೇಜಿನಲ್ಲಿ ಆಟವಾಡಲು ಸರಿ, ದೋಣಿಯ ಹಾಸಿಗೆಯ ಕೆಳಗೆ ಬೇಡ.

ಬಿಡಿ ಸೆಲ್ ತಂದು ಕಟ್ಟುವುದು ಕೈಕೆಲಸ ಬಲ್ಲವರ ದಾರಿ. ಚೀನಾದ 280 ಆಂಪಿಯರ್ ಅವರ್ ಸೆಲ್ಲುಗಳು, ಒಂದೊಂದು ಐದೂವರೆ ಕಿಲೋದ ಅಲ್ಯೂಮಿನಿಯಂ ಇಟ್ಟಿಗೆ. ಹದಿನಾರನ್ನು ಸರಣಿಯಲ್ಲಿ ಜೋಡಿಸಿದರೆ 51.2 ವೋಲ್ಟ್, 14 ಯೂನಿಟ್. ತೂಕ ತೊಂಬತ್ತು ಕಿಲೋ ಒಳಗೆ. ಪೂರ್ತಿ ಚಾರ್ಜಿನಲ್ಲೂ 58.4 ವೋಲ್ಟ್, ಮುಟ್ಟಿದರೆ ಅಪಾಯ ಎಂದು ಪರಿಗಣಿಸುವ 60 ವೋಲ್ಟ್ ಗಡಿಯ ಒಳಗೇ ಉಳಿಯುತ್ತದೆ. ಯೂನಿಟ್‌ಗೆ ಇದಕ್ಕಿಂತ ಅಗ್ಗ ಬೇರಿಲ್ಲ. ಆದರೆ ಜೋಡಿಸುವ ಮೊದಲು ಎಲ್ಲವನ್ನೂ ಸಮಾಂತರದಲ್ಲಿಟ್ಟು 3.65 ವೋಲ್ಟಿಗೆ ತುಂಬಿ ಸಮ ಮಾಡಬೇಕು, ಅಲೆಯ ಕುಲುಕಾಟಕ್ಕೆ ಅಲುಗದಂತೆ ಚೌಕಟ್ಟಿನಲ್ಲಿ ಬಿಗಿಯಬೇಕು, ಉಪ್ಪು ಗಾಳಿ ತಗಲದಂತೆ ಮುಚ್ಚಬೇಕು. ಕ್ಯೂಆರ್ ಕೋಡ್ ಕೆರೆದುಹಾಕಿದ ಸೆಲ್ ಬಂದರೆ ಅದು ಕಾರ್ಖಾನೆ ತಿರಸ್ಕರಿಸಿದ್ದು ಎಂದೇ ತಿಳಿಯಿರಿ.

12 ವೋಲ್ಟಿನ ಸಿದ್ಧ ಪೆಟ್ಟಿಗೆಗಳು ನಾಲ್ಕನ್ನು ಸಾಲಾಗಿ ಜೋಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನನಗೆ ಇದು ಹಿಡಿಸದು. ನಾಲ್ಕರ ಒಳಗೂ ಒಂದೊಂದು ಬಿಎಂಎಸ್, ಅಂದರೆ ಸೆಲ್ಲುಗಳ ಕಾವಲು ಕಾಯುವ ಸರ್ಕಿಟ್, ಇರುತ್ತದೆ; ಒಂದರದು ಇನ್ನೊಂದಕ್ಕೆ ಗೊತ್ತಿಲ್ಲ. ಕಾಲಕ್ರಮೇಣ ನಾಲ್ಕೂ ಬೇರೆ ಬೇರೆ ಮಟ್ಟಕ್ಕೆ ಜಾರುತ್ತವೆ. ಒಂದು ಕಡಿದುಕೊಂಡರೆ ಇಡೀ ಸರಣಿಯ ವೋಲ್ಟೇಜ್ ಆ ಒಂದರ ಟ್ರಾನ್ಸಿಸ್ಟರುಗಳ ಮೇಲೆ ಬೀಳುತ್ತದೆ. ಅಗ್ಗದ ಪೆಟ್ಟಿಗೆಯಲ್ಲಿ ಅವು ಸುಟ್ಟೇ ಹೋಗಬಹುದು. ಇನ್ನು ಹೆಸರೇ ಕೇಳದ ಕಂಪನಿಯದಾದರೆ ತಕ್ಕಡಿಗೆ ಇಡಿ: 12 ವೋಲ್ಟ್, 100 ಆಂಪಿಯರ್ ಅವರ್ ಎಲ್‌ಎಫ್‌ಪಿ ಹತ್ತು ಕಿಲೋ ಆಸುಪಾಸು ತೂಗಬೇಕು. ಆರೇಳು ಕಿಲೋ ಇದ್ದರೆ ಒಳಗೆ ಬರೆದಷ್ಟು ಮಾಲಿಲ್ಲ.

ಉಳಿದದ್ದು ಸರ್ವರ್ ರ‍್ಯಾಕ್ ಬ್ಯಾಟರಿ. ನಮ್ಮ ಮೊಬೈಲ್ ಟವರುಗಳ ಬುಡದಲ್ಲೂ ಇಂಥವೇ ಇರುತ್ತವೆ: 48 ವೋಲ್ಟ್ ವರ್ಗದ, 100 ಆಂಪಿಯರ್ ಅವರಿನ, 5 ಯೂನಿಟ್ ಹಿಡಿಯುವ ಚಪ್ಪಟೆ ತಗಡಿನ ಪೆಟ್ಟಿಗೆ. ಮನೆಯ ಸೋಲಾರಿಗಾಗಿ ಲಕ್ಷಗಟ್ಟಲೆ ತಯಾರಾಗುವುದರಿಂದ ಬೆಲೆ ಇಳಿದಿದೆ. ಹದಿನಾರು ಸೆಲ್‌ಗೂ ಒಂದೇ ಬಿಎಂಎಸ್, ಪ್ರತಿ ಸೆಲ್ಲಿನ ವೋಲ್ಟೇಜನ್ನು ಫೋನಿನಲ್ಲಿ ನೋಡಬಹುದು. ಕೊರತೆಯೂ ಇದೆ. ನೀರಿಗಾಗಿ ಮಾಡಿದ್ದಲ್ಲ, ತಗಡಿನಲ್ಲಿ ಗಾಳಿ ಕಿಂಡಿಗಳಿರುತ್ತವೆ, ವಾಹನ–ದೋಣಿಗಳಲ್ಲಿ ಬಳಸಿದರೆ ಹಲವರ ವಾರಂಟಿ ಅಲ್ಲಿಗೇ ಮುಗಿಯಿತು. ದೋಣಿಯ ತಳದ ನೀರು ಮುಟ್ಟದಷ್ಟು ಎತ್ತರದಲ್ಲಿ, ಒಣ ಜಾಗದಲ್ಲಿ, ಬೋಲ್ಟು ಹಾಕಿ ಕೂರಿಸಿದರೆ ನನ್ನ ಓಟು ಇದಕ್ಕೇ.

ಅದೂ ಒಂದಲ್ಲ, ಎರಡು. ಕಾರಣ ದೂರವಲ್ಲ, ಆಂಪಿಯರ್. ಹಡಗೊಂದಕ್ಕೆ ದಾರಿ ಬಿಡಲು ಹಿಡಿಕೆ ಪೂರ್ತಿ ಒತ್ತಿದಾಗ 6 ಕಿಲೋವ್ಯಾಟ್ ಮೋಟರ್ 120 ಆಂಪಿಯರ್ ಎಳೆಯುತ್ತದೆ. ಪೆಟ್ಟಿಗೆಯ ಬಿಎಂಎಸ್ ಸಾಮಾನ್ಯವಾಗಿ 100ಕ್ಕೆ ಮಿತಿ ಹಾಕಿರುತ್ತದೆ. ಮೀರಿದರೆ ತನ್ನ ಸೆಲ್ ಉಳಿಸಿಕೊಳ್ಳಲು ಕಡಿದುಕೊಳ್ಳುತ್ತದೆ, ದೋಣಿ ಎಲ್ಲಿದೆ ಎಂಬುದು ಅದಕ್ಕೆ ಬೇಕಿಲ್ಲ. ಎರಡು ಸಮಾಂತರವಾಗಿದ್ದರೆ ಹೊರೆ ಹಂಚಿಹೋಗುತ್ತದೆ. ಒಂದು ಕೆಟ್ಟರೂ ನಿಧಾನವಾಗಿ ಕಟ್ಟೆ ಸೇರಬಹುದು.

ಉಳಿಸಿದ ದುಡ್ಡು ಎಲ್ಲಿಗೆ

ಫ್ಯೂಸಿಗೆ, ಮೊದಲು. ಎಲ್‌ಎಫ್‌ಪಿಯ ಒಳಪ್ರತಿರೋಧ ತೀರಾ ಕಡಿಮೆಯಾದ್ದರಿಂದ ತಂತಿ ತಗಲಿದರೆ ಕ್ಷಣದಲ್ಲಿ ಸಾವಿರಾರು ಆಂಪಿಯರ್ ಹರಿಯುತ್ತದೆ. ಸಾಧಾರಣ ಫ್ಯೂಸ್ ಕರಗಿದರೂ ಅದರೊಳಗೆ ಕಿಡಿಯ ಸೇತುವೆ ಕಟ್ಟಿಕೊಂಡು ಕರೆಂಟು ಹರಿಯುತ್ತಲೇ ಇರಬಹುದು. 20,000 ಆಂಪಿಯರನ್ನೂ ಕಡಿಯಬಲ್ಲ ‘ಕ್ಲಾಸ್ ಟಿ’ ಫ್ಯೂಸು ಪ್ರತಿ ಪೆಟ್ಟಿಗೆಯ ಪಕ್ಕದಲ್ಲೇ ಇರಬೇಕು. ಮೋಟರ್, ಅದನ್ನು ನಿಯಂತ್ರಿಸುವ ಕಂಟ್ರೋಲರುಗಳ ಮುಂದೆ ಅದರ ಬೆಲೆ ಏನೇನೂ ಅಲ್ಲ.

ಹಾಯಿಯಲ್ಲಿ ಓಡುವಾಗ ಪ್ರೊಪೆಲ್ಲರಿನಿಂದ ಚಾರ್ಜ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಬ್ಯಾಟರಿ ತುಂಬಿದ ಹೊತ್ತಿಗೆ ಬಿಎಂಎಸ್ ಏಕಾಏಕಿ ಕಡಿದರೆ ಮೋಟರ್ ಹುಟ್ಟಿಸುತ್ತಿರುವ ವಿದ್ಯುತ್ತಿಗೆ ಹೋಗಲು ಜಾಗವಿಲ್ಲ. ವೋಲ್ಟೇಜ್ ಜಿಗಿದು ಕಂಟ್ರೋಲರನ್ನು ಬಲಿ ತೆಗೆದುಕೊಳ್ಳಬಹುದು. ಬಿಎಂಎಸ್ಸಿನ ಮಿತಿಗಿಂತ ಕೆಳಗೇ ನಿಲ್ಲುವಂತೆ ಕಂಟ್ರೋಲರಿನಲ್ಲಿ ಗಡಿ ಹಾಕಿಡಬೇಕು.

ಅಮೆರಿಕದಲ್ಲಿ ದೋಣಿಗಳ ಲಿಥಿಯಂ ವ್ಯವಸ್ಥೆಗೆ ಎಬಿವೈಸಿ ಸಂಸ್ಥೆ 2022ರಲ್ಲಿ ಇ-13 ಎಂಬ ಮಾನದಂಡ ತಂದಿದೆ. ಕಾನೂನೇನಲ್ಲ, ಆದರೆ ವಿಮೆಗೆ ಮುನ್ನ ದೋಣಿ ಪರೀಕ್ಷಿಸುವ ಸರ್ವೇಯರ್ ಅದನ್ನೇ ಹಿಡಿದು ಬರುತ್ತಾನೆ. ಕೈಯಾರೆ ಕಟ್ಟಿದ ಪ್ಯಾಕ್ ಎಂದೊಡನೆ ಹುಬ್ಬೇರಿಸುವ ವಿಮಾ ಕಂಪನಿಗಳಿವೆ. ಸೆಲ್ ಆರ್ಡರ್ ಮಾಡುವ ಮೊದಲೇ ಅವರಿಗೆ ಒಂದು ಫೋನು ಮಾಡುವುದು ಒಳ್ಳೆಯದು. ಮಾರಾಟಗಾರ ತೋರಿಸುವ ಯುಎನ್ 38.3 ಪತ್ರ ಸಾಗಾಣಿಕೆಯ ಪರೀಕ್ಷೆಯದು. ದೋಣಿಯಲ್ಲಿ ಬಳಸಲು ಅದು ಯೋಗ್ಯತಾಪತ್ರವಲ್ಲ.

ಕೊನೆಯದು ಶಂಟ್ ಮೀಟರ್. ಎಲ್‌ಎಫ್‌ಪಿಯ ವೋಲ್ಟೇಜ್ ನಡುಭಾಗದಲ್ಲಿ ಅಲುಗುವುದೇ ಇಲ್ಲ; ಎಂಬತ್ತು ಪರ್ಸೆಂಟ್ ಇದ್ದಾಗಲೂ ಮೂವತ್ತು ಇದ್ದಾಗಲೂ ಸೆಲ್ ಹೆಚ್ಚುಕಡಿಮೆ ಅದೇ 3.3 ವೋಲ್ಟ್ ಸುತ್ತಮುತ್ತ ತೋರಿಸುತ್ತದೆ. ಒಳಗೆ ಹೋದದ್ದು, ಹೊರಗೆ ಬಂದದ್ದನ್ನು ಆಂಪಿಯರ್ ಲೆಕ್ಕದಲ್ಲಿ ಎಣಿಸುವ ಶಂಟ್ ಇಲ್ಲದೆ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಎರಡು ಪೆಟ್ಟಿಗೆ, ಒಂದು ಶಂಟ್ ಹಾಕಿಕೊಂಡು ಒಂದು ಇಡೀ ವರ್ಷ ಓಡಾಡಿ, ಪ್ರತಿ ಸಲ ಖರ್ಚಾದ ಯೂನಿಟ್ ಬರೆದಿಡಬೇಕು. ದೂರ ಹೋಗುವ ಅಪರೂಪದ ವಾರಕ್ಕೆ 2 ಕಿಲೋವ್ಯಾಟಿನ ಸಣ್ಣ ಪೆಟ್ರೋಲ್ ಜನರೇಟರನ್ನು ಎರವಲು ತಂದರೂ ನಡೆಯುತ್ತದೆ. ಶುದ್ಧಾಚಾರಿಗಳು ಮೂಗು ಮುರಿಯಲಿ, ಅದನ್ನು ಕ್ಯಾಬಿನ್ನಿನ ಒಳಗೆ ಮಾತ್ರ ಓಡಿಸಬಾರದು, ಹೊಗೆ ಕೊಲ್ಲುತ್ತದೆ. ವರ್ಷದ ಕೊನೆಗೆ ಆ ಪಟ್ಟಿಯೇ ಮೂರನೆಯ ಪೆಟ್ಟಿಗೆ ಬೇಕೋ ಬೇಡವೋ ಹೇಳುತ್ತದೆ. ಬೇಕೆಂದಾದರೆ ಹಳೆಯ ಎರಡನ್ನೂ ಹೊಸದನ್ನೂ ಬೇರೆ ಬೇರೆಯಾಗಿ ಪೂರ್ತಿ ತುಂಬಿ, ಮೂರರ ವೋಲ್ಟೇಜೂ ಒಂದೇ ಇದೆ ಎಂದು ಅಳೆದು ನೋಡಿ, ಸಮ ಉದ್ದದ ಕೇಬಲ್‌ಗಳಿಂದ ಒಂದೇ ಬಸ್‌ಬಾರಿಗೆ ಜೋಡಿಸಬೇಕು.